ಸಂಡಿಗೆ ಕಾದ ಕೈ

ಕಾಡುಬೆಕ್ಕು ಬರಲಿಲ್ಲ, ಬಿರುಗಾಳಿಯೂ ಬೀಸಲಿಲ್ಲ. ಹಕ್ಕಿಯನ್ನು ಓಡಿಸಿದವಳು ನಾನು. ಅಮೆರಿಕದ ನಾರ್ತ್‌ವಿಲ್‌ನ ನಮ್ಮ ಮನೆಗೆ ಊಟಕ್ಕೆ ಬಂದವರಿಗೆಲ್ಲ ಅಳಿಯ ಹರೀಶ ಹೇಳುವ ಬೆಕ್ಕಿನ ಕಥೆ ಶುದ್ಧ ಸುಳ್ಳು. ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಬರೆಯುವುದರಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ, ನಡೆದದ್ದರಲ್ಲಿ ತಪ್ಪಿಲ್ಲ.

ಹರೀಶ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರು. ಹಕ್ಕಿ ಹುಚ್ಚೊಂದು ಬಿಟ್ಟರೆ ಒಳ್ಳೆಯ ಹುಡುಗ. ಬೇರೆಯವರ ಫ್ರಿಜ್ಜಿನ ಬಾಗಿಲ ಮೇಲೆ ಮಕ್ಕಳ ಫೋಟೋ ಇರುತ್ತದೆ. ನಮ್ಮದರ ಮೇಲೆ ಬೋಳುತಲೆಯ, ಕುಡುಗೋಲಿನಂಥ ಕೊಕ್ಕಿನ ಒಂದು ಹಕ್ಕಿ. ಪ್ರಪಂಚದಲ್ಲಿ ಅವು ಉಳಿದಿರುವುದೇ ಸ್ವಲ್ಪವಂತೆ, ಅದೂ ಕಾಂಬೋಡಿಯಾದ ಬಡಗಣ ತುದಿಯ ಕಾಡಿನಲ್ಲಿ. "ಸಾಯೋದ್ರೊಳಗೆ ಒಂದ್ಸಲ ನೋಡ್ಬೇಕು ಅತ್ತೆ" ಎನ್ನುತ್ತಿದ್ದ. ಬೋಳುತಲೆ ನೋಡುವುದಕ್ಕೆ ಅಷ್ಟು ದೂರ ಯಾಕೆ, ನಿಮ್ಮ ಮಾವನ ಫೋಟೋ ಇದೆಯಲ್ಲ ಎಂದಿದ್ದೆ. ಆದರೆ ಅಲ್ಲೇ ಗುಡ್ಡದ ಮೇಲೆ ಶಿವನ ಹಳೆಯ ಗುಡಿಯೂ ಇದೆ ಎಂದು ಮಗಳು ಮಂಜುಳಾ ಹೇಳಿದ್ದೇ ತಡ, ಎಲ್ಲರಿಗಿಂತ ಮೊದಲು ಚೀಲ ಕಟ್ಟಿದವಳು ನಾನು. ವಿಮಾನ ಶಿಕಾಗೋದಿಂದ. ಹತ್ತುವ ಮೊದಲು ಡೆವನ್ ಅವೆನ್ಯೂನ ನಮ್ಮ ದೇಶದವರ ಅಂಗಡಿಗೆ ಕರೆದೊಯ್ಯಿಸಿಕೊಂಡು ಗಟ್ಟಿ ಅವಲಕ್ಕಿ ಕೊಂಡೆ. ದೇವರು ಎಲ್ಲಿಯಾದರೂ ಸಿಗುತ್ತಾನೆ, ಅವಲಕ್ಕಿ ಸಿಗುವುದಿಲ್ಲ.

ಗುಡಿ ಕಂಡ ಕೂಡಲೇ ನನ್ನ ಮಂಡಿನೋವು ಎಲ್ಲಿ ಹೋಯಿತೋ. ಮೆಟ್ಟಿಲ ಪಕ್ಕ ಹೆಡೆಯೆತ್ತಿದ ನಾಗಪ್ಪ, ಬಾಗಿಲ ಮೇಲೆ ಸಮುದ್ರ ಕಡೆಯುವ ದೇವರು ದೈತ್ಯರು. ಭಾಷೆ ಬಾರದ ಊರಿನಲ್ಲಿ ಎಲ್ಲರೂ ಗುರುತಿನವರೇ. ನಾನು ಚಿಕ್ಕ ಹುಡುಗಿಯ ಹಾಗೆ ಕಂಬದಿಂದ ಕಂಬಕ್ಕೆ ಓಡಿದೆ. ಮೊಮ್ಮಗಳು ಅನು "ಅಜ್ಜಿ, ಸ್ಲೋ ಡೌನ್" ಎಂದು ಹಿಂದೆ ಬಿದ್ದಳು. ಒಳಗೆ ಮಾತ್ರ ಲಿಂಗವಿಲ್ಲ, ಬುದ್ಧ ಕೂತಿದ್ದ. ಯಾರಾದರೇನು, ದೀಪವಂತೂ ಉರಿಯುತ್ತಿದೆಯಲ್ಲ ಎಂದು ಕೈಮುಗಿದೆ.

ಮರುದಿನ ಬೆಳಕು ಹರಿಯುವ ಮುಂಚೆಯೇ ಕಾಡಿನ ಹೊಂಡವೊಂದರ ಪಕ್ಕ, ಸೊಪ್ಪಿನ ಮರೆಯಲ್ಲಿ ಅಲ್ಲಿನ ಗೈಡುಗಳು ನಮ್ಮನ್ನು ಕೂರಿಸಿದರು. ಕೆಮ್ಮಬಾರದು, ಅಲುಗಾಡಬಾರದು. ಇದ್ದದ್ದು ಅದೊಂದೇ ಬೆಳಗು, ಮಧ್ಯಾಹ್ನಕ್ಕೆ ಹೊರಡಬೇಕು. ನಾನು ಮಡಿಲಲ್ಲಿ ಟವೆಲ್ ಹಾಸಿ ಅವಲಕ್ಕಿ ಸುರಿದುಕೊಂಡು ಸದ್ದಿಲ್ಲದೆ ಮೆಲ್ಲುತ್ತಿದ್ದೆ. ಹಕ್ಕಿ ಬಂತು. ಫ್ರಿಜ್ಜಿನ ಮೇಲಿದ್ದದ್ದೇ, ಆದರೆ ಅನುವಿನ ಸೊಂಟದೆತ್ತರ. ಹರೀಶ ಕ್ಯಾಮೆರಾ ಎತ್ತಿದ. ಹಕ್ಕಿ ನಮ್ಮ ಕಡೆಗೇ ಹೆಜ್ಜೆ ಹಾಕಿ ಕತ್ತು ಚಾಚಿತು.

ಮೈಸೂರಿನ ತಾರಸಿಯ ಮೇಲೆ ಬೇಸಿಗೆ ಬೇಸಿಗೆಯೂ ಸಂಡಿಗೆ ಕಾದ ಕೈ ಇದು. ತಿನ್ನುವ ಪದಾರ್ಥದ ಹತ್ತಿರ ಕೊಕ್ಕು ಕಂಡರೆ ತಾನಾಗಿ ಏಳುತ್ತದೆ, ನನ್ನನ್ನು ಕೇಳುವುದಿಲ್ಲ. "ಉಶ್ಶೋ" ಎಂದು ಚಪ್ಪಾಳೆ ಬಿತ್ತು. ಆ ದೇಶದಲ್ಲಿ ನನ್ನ ಮಾತು ಅರ್ಥವಾದದ್ದು ಆ ಹಕ್ಕಿಯೊಂದಕ್ಕೇ.

"ವೈ, ಅಜ್ಜಿ?" ಎಂದಳು ಅನು. ಮಂಜುಳಾ ಹಣೆ ಹಿಡಿದುಕೊಂಡಳು. ಹರೀಶ ಮಾತ್ರ ಖಾಲಿ ಕೆಸರಿನ ಫೋಟೋ ನೋಡುತ್ತಾ, "ಇರ್ಲಿ ಬಿಡಿ ಅತ್ತೆ" ಎಂದ. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಮೊನ್ನೆ ಶನಿವಾರ ರಾಚೆಸ್ಟರ್ ಹಿಲ್ಸ್‌ನಿಂದ ಅವನ ಸ್ನೇಹಿತರು ಬಂದಿದ್ದರು. ಹರೀಶನ ಬಾಯಲ್ಲಿ ಮತ್ತೆ ಬೆಕ್ಕು ಬಂತು. ಸೌಟು ಹಿಡಿದು ಅದು ಹಾರಿದ ಬಗೆಯನ್ನೂ ತೋರಿಸಿದ. ನಾನು ಮಜ್ಜಿಗೆ ಲೋಟ ಕೆಳಗಿಟ್ಟೆ. "ಆ ಬೆಕ್ಕು ನಾನೇ ಕಣಪ್ಪ."

ಬಂದವರು ಅನ್ನ ಕಲಸುವುದನ್ನು ನಿಲ್ಲಿಸಿದರು. "ನಿಮ್ಮನ್ನ ಯಾರೂ ಆಡ್ಕೋಬಾರ್ದು ಅಂತ ಅತ್ತೆ..." ಎಂದ ಹರೀಶ.

"ಆಡ್ಕೊಳ್ಲಿ. ನನ್ನ ಮಾನಕ್ಕೆ ಬೆಕ್ಕಿನ ಕಾವಲು ಬೇಡ."

ನಕ್ಕರು ನೋಡಿ, ಹರೀಶನೇ ಎಲ್ಲರಿಗಿಂತ ಜೋರಾಗಿ. ಆದರೂ ಫ್ರಿಜ್ಜಿನ ಮೇಲಿನ ಆ ಬೋಳುತಲೆ ನನ್ನನ್ನೇ ನೋಡುತ್ತಿತ್ತು.

ಮಾರನೆಯ ಬೆಳಗ್ಗೆ ಒಳ್ಳೆಯ ಬಿಸಿಲು. ಹಿತ್ತಲ ಹುಲ್ಲಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಸಂಡಿಗೆ ಇಟ್ಟೆ. ಕುರ್ಚಿ ಹಾಕಿಕೊಂಡು ಕೂತಿದ್ದೇನೆ, ಪಕ್ಕದ ಮನೆಯ ಕಡೆಯಿಂದ ಎರಡು ಭಾರಿ ಕೊಕ್ಕರೆ ನಡೆದು ಬಂದವು, ಹಣೆಯ ಮೇಲೆ ಕುಂಕುಮ ಬಳಿದಂತೆ ಕೆಂಪು. ಕೈ ಎದ್ದಿತು. ಎರಡೂ ಕೈಯನ್ನು ತೊಡೆಯ ಕೆಳಗೆ ತುರುಕಿ ಅದುಮಿಕೊಂಡು ಕೂತೆ. ಸಂಡಿಗೆ ಒಂದೊಂದಾಗಿ ಹೋಗುತ್ತಿತ್ತು. "ಹರೀಶಪ್ಪಾ, ಕ್ಯಾಮೆರಾ ತಗೊಂಡ್ ಬಾ, ಮೆತ್ತಗೆ" ಎಂದು ಕಿಟಕಿಯ ಕಡೆಗೆ ಕರೆದೆ. ಕರೆದು ಕರೆದು ಸಾಕಾದ ಮೇಲೆ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಬಂದ.

"ಅತ್ತೆ, ಇವು ಆಚೆ ರೋಡಿನ ಕೊಳದಲ್ಲಿ ದಿನಾ ಇರ್ತಾವೆ. ಸಂಡಿಗೆ ಹೋಗ್ತಿದೆಯಲ್ಲ, ಓಡ್ಸಿ."

ಓಡಿಸೋಣವೆಂದರೆ ಎರಡೂ ಕೈ ಜೋಮು ಹಿಡಿದಿದ್ದವು. ಹರೀಶನೇ ಚಪ್ಪಾಳೆ ತಟ್ಟಿದ. ಭಾಷಣ ಕೇಳಿದವರ ಚಪ್ಪಾಳೆ ಅದು. ಕೊಕ್ಕರೆಗಳು ತಲೆಯನ್ನೂ ಎತ್ತಲಿಲ್ಲ. ಜೋಮು ಇಳಿದ ಮೇಲೆ, ಅಂಗೈ ಬಟ್ಟಲು ಮಾಡಿಕೊಂಡು ಹೇಗೆ ತಟ್ಟಬೇಕೆಂದು ಅವನಿಗೆ ನಾನೇ ಹೇಳಿಕೊಟ್ಟೆ.