ಕರವಸ್ತ್ರ ಎತ್ತಿದರೆ ಚಪ್ಪಾಳೆ

ಚಪ್ಪಾಳೆ ಹೊಡೆಯುವುದಕ್ಕೆ ಎಂತ ಮಹಾ ವಿದ್ಯೆ ಬೇಕು? ಎರಡು ಕೈ ಇದ್ದರೆ ಆಯಿತು. ಹೀಗೆ ನಂಬಿಯೇ ನಾನು ನಮ್ಮ ಶಾಲೆಯ ‘ಪ್ರೇಕ್ಷಕರ ಉಸ್ತುವಾರಿ’ ಎಂಬ ಘನ ಹುದ್ದೆಯನ್ನು ಒಪ್ಪಿಕೊಂಡದ್ದು.

ಆ ಹುದ್ದೆ ಹುಟ್ಟಿದ್ದಕ್ಕೆ ಕಾರಣ ಉಂಟು. ಕಳೆದ ವರ್ಷದ ಪ್ರತಿಭಾ ದಿನ, ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ ಬರುವ ಸಫಾ ಎಂಬ ಹುಡುಗಿ ವೇದಿಕೆಯಲ್ಲಿ ಮಾತು ಮರೆತು ನಿಂತಳು. ಮಕ್ಕಳೆಲ್ಲ ಹೋ ಎಂದು ಕೂಗಿದರು. ಅವಳು ಅತ್ತುಕೊಂಡು ಇಳಿದಳು. ಈ ವರ್ಷ ತಾನೇ ಬರೆದ ಏಕಪಾತ್ರಾಭಿನಯ ಹಿಡಿದುಕೊಂಡು ಮತ್ತೆ ಹೆಸರು ಕೊಟ್ಟಿದ್ದಳು.

“ಈ ಸಲವೂ ಹಾಗಾದರೆ ಆ ಮಗು ಇನ್ನು ವೇದಿಕೆ ಹತ್ತುವುದಿಲ್ಲ. ನೋಡಿಕೊಳ್ಳಿ ಸರ್” ಎಂದರು ಹೆಡ್‌ಮಿಸ್ಟ್ರೆಸ್.

ನಾನು ವೃತ್ತಿಯಲ್ಲಿ ಗಣಿತದ ಮಾಸ್ಟ್ರು. ಚಿಂತೆ ನನ್ನ ಉಪವೃತ್ತಿ. ಒಂದು ವಾರ ಇನ್ನೂರು ಮಕ್ಕಳಿಗೆ ತರಬೇತಿ ಕೊಟ್ಟೆ. ನಿಯಮ ಸರಳ: ನಾನು ಬಿಳಿ ಕರವಸ್ತ್ರ ಎತ್ತಿದರೆ ಚಪ್ಪಾಳೆ, ಇಳಿಸಿದರೆ ಮೌನ. ಗುಣಾಕಾರದ ಮಗ್ಗಿಯನ್ನು ಹತ್ತು ವರ್ಷದಲ್ಲಿ ಕಲಿಯದವರು ಇದನ್ನು ಮೊದಲ ದಿನವೇ ಹತ್ತು ನಿಮಿಷದಲ್ಲಿ ಕಲಿತರು!

“ಅಲ್ಲ ಮಾರಾಯ್ರೇ, ಆ ಹುಡುಗಿ ಮಾಡುವುದು ಎಂತ ಅಂತ ಒಮ್ಮೆ ನೋಡಿದ್ದೀರಾ?” ಎಂದು ಹೆಂಡತಿ ಕೇಳಿದಳು.

“ಪುರುಸೊತ್ತು ಎಲ್ಲಿ ಉಂಟು? ಅವಳು ಎಂತ ಮಾಡಿದರೂ ನಾವು ಪ್ರೋತ್ಸಾಹಿಸುತ್ತೇವೆ!”

“ಹಾಗಾದರೆ ಅವಳನ್ನು ದೇವರೇ ಕಾಪಾಡಬೇಕು.”

ಆ ದಿನ ಬಂತು. ಸಭಾಂಗಣಕ್ಕೆ ತಗಡು ಶೀಟಿನ ಮಾಡು, ಮೇಲಿಂದ ಮಂಗಳೂರಿನ ಸೆಕೆ. ತಿರುಗುತ್ತಿದ್ದ ಒಂದೇ ಫ್ಯಾನು ಅತಿಥಿಗಳ ಸೇವೆಯಲ್ಲಿತ್ತು. ನಾನು ಕರವಸ್ತ್ರ ಹಿಡಿದು, ಮಕ್ಕಳಿಗೆಲ್ಲ ಕಾಣುವ ಹಾಗೆ ವೇದಿಕೆಯ ಪಕ್ಕ ನಿಂತೆ. ಸಫಾ ಸೊಂಟಕ್ಕೆ ಕೈಕೊಟ್ಟು, ಕಿವಿಗೆ ಮೊಬೈಲ್ ಒತ್ತಿಕೊಂಡು ಬಂದಳು. ದುಬೈಯ ಮಗನಿಗೆ ಫೋನ್ ಮಾಡುವ ಅಜ್ಜಿಯ ಪಾತ್ರ.

“ಹಲೋ! ಮೋನೇ, ಊಟ ಆಯ್ತಾ?”

ಅಷ್ಟು ಹೇಳಿ ನಿಂತಳು. ಒಂದು ಕ್ಷಣ. ಎರಡು ಕ್ಷಣ. ಅಯ್ಯೋ, ಮತ್ತೆ ಮರೆತಳು! ನನ್ನ ಹಣೆಯಲ್ಲಿ ಬೆವರು ಕಿತ್ತು ಬಂತು. ಕೈ ತನ್ನಷ್ಟಕ್ಕೇ ಕರವಸ್ತ್ರವನ್ನು ಹಣೆಗೆ ಒಯ್ದಿತು.

ಢಮಾರ್! ಇನ್ನೂರು ಮಕ್ಕಳ ಚಪ್ಪಾಳೆ. ಊಟ ಆಯ್ತಾ ಎಂದು ಕೇಳಿದ್ದಕ್ಕೆ!

“ಎಂತ? ಅಲ್ಲಿ ಬಂಗುಡೆ ಮೀನು ಸಿಗುದಿಲ್ವಾ?” ಮತ್ತೆ ಮೌನ. ಆಗ ನನಗೆ ಹೊಳೆಯಿತು. ಅವಳು ಮರೆತಿಲ್ಲ; ಆ ಕಡೆಯ ಮಗನ ಮಾತನ್ನು ಕೇಳಿಸಿಕೊಳ್ಳುತ್ತಿದ್ದಾಳೆ! ನಾಟಕದ ಜೀವವೆಲ್ಲ ಇದ್ದದ್ದು ಆ ಮೌನದಲ್ಲಿ. ಈ ಜ್ಞಾನೋದಯಕ್ಕೆ ಇನ್ನಷ್ಟು ಬೆವರಿದೆ. ಒರೆಸಿಕೊಂಡೆ. ದುಬೈಯಲ್ಲಿ ಬಂಗುಡೆ ಸಿಗದಿರುವುದಕ್ಕೆ ಭರ್ಜರಿ ಚಪ್ಪಾಳೆ!

“ಬೇಡ, ಬೇಡ!” ಎಂದು ಎರಡೂ ಕೈ ಬೀಸಿದೆ. ಕರವಸ್ತ್ರ ಕೈಯಲ್ಲೇ ಇತ್ತು. ಮಕ್ಕಳು ಎದ್ದು ನಿಂತು ಚಪ್ಪಾಳೆ ಹೊಡೆದರು.

ಸಫಾ ಮೊಬೈಲ್ ಇಳಿಸಿದಳು. ಅವಳ ತುಟಿ ನಡುಗಿದ್ದು ಕಂಡಿತು. ಮುಗಿಯಿತು ಕಥೆ. ಕಳೆದ ವರ್ಷ ಗೇಲಿ ಮಾಡಿ ಅಳಿಸಿದ್ದರು. ಪ್ರೋತ್ಸಾಹಿಸಿ ಅಳಿಸಿದ ಕೀರ್ತಿ ಮಾತ್ರ ನನ್ನೊಬ್ಬನದೇ!

ಅವಳು ಒಮ್ಮೆ ಉಸಿರೆಳೆದುಕೊಂಡು, ಸೊಂಟದ ಕೈ ತೆಗೆಯದೆ, ವೇದಿಕೆಯ ತುದಿಗೆ ಬಂದಳು. ಅಜ್ಜಿಯ ಸ್ವರದಲ್ಲೇ ಹೇಳಿದಳು: “ಮಾಸ್ಟ್ರೇ, ನನಗೆ ಮಗ ಹೇಳುದು ಎಂತದೂ ಕೇಳುದಿಲ್ಲ. ನೀವು ಸ್ವಲ್ಪ ಹೊರಗೆ ಗಾಳಿಗೆ ನಿಲ್ಲಿ, ಆಯ್ತಾ?”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಹೊರಗೆ ನಿಂತೆ. ಕಿಟಕಿ ನನ್ನ ತಲೆಗಿಂತ ಎತ್ತರ. ಒಳಗೆ ಮೌನ, ಆಮೇಲೆ ನಗು, ಮತ್ತೆ ಉದ್ದದ ಮೌನ. ಕೊನೆಗೆ ಎದ್ದ ಚಪ್ಪಾಳೆ ನಾನು ಕಲಿಸಿದ್ದಲ್ಲ. ಅದಕ್ಕೆ ತಾಳವಿರಲಿಲ್ಲ, ನಡುವೆ ಶಿಳ್ಳೆಯಿತ್ತು, ಬೇಗ ನಿಲ್ಲಲೂ ಇಲ್ಲ.

ಹೆಡ್‌ಮಿಸ್ಟ್ರೆಸ್ ಕಣ್ಣೊರೆಸಿಕೊಂಡು ಹೊರಗೆ ಬಂದರು. “ಎಷ್ಟು ಚಂದ ಮಾಡಿದಳು ಸರ್! ಮುಂದಿನ ವರ್ಷವೂ ನೀವೇ ನೋಡಿಕೊಳ್ಳಬೇಕು.”

ನನ್ನ ಎದೆ ಉಬ್ಬಿತು. “ಪ್ರೇಕ್ಷಕರನ್ನಾ ಮೇಡಂ?”

“ಅಲ್ಲಲ್ಲ,” ಎಂದರು. “ಗೇಟನ್ನು.”