ಕಾರ್ಟೂನು ಕೂಟದ ಫಜೀತಿಗಳು

ವೇಷ ಹಾಕಿದ ಮನುಷ್ಯ ಹೊಸ್ತಿಲು ದಾಟಿದರೆ ಏನಾದರೊಂದು ಆಗದೆ ಇರುವುದಿಲ್ಲ. ಎಂಬತ್ತರ ದಶಕದಲ್ಲಿ ನಾನು ಪುತ್ತೂರಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ಟರನಾಗಿದ್ದೆ. ಕಾರ್ಟೂನು ಪುಸ್ತಕದ ಹುಚ್ಚು ಹಿಡಿದ ನಾವು ಕೆಲವರು ಪ್ರತಿ ವರ್ಷ ಕ್ರಿಸ್ಮಸ್ ರಜೆಯಲ್ಲಿ ಶಾಲೆಯ ಹಾಲಿನಲ್ಲಿ ಒಂದು ಕೂಟ ನಡೆಸುತ್ತಿದ್ದೆವು. ಬೆಳಿಗ್ಗೆ ಪುಸ್ತಕ ಅದಲುಬದಲು, ಆಮೇಲೆ ಚಿತ್ರಕಥೆಯ ಪಾತ್ರಗಳ ವೇಷ, ಊಟವಾದ ಮೇಲೆ ಪರದೆ ಕಟ್ಟಿ ಕಾರ್ಟೂನು ಸಿನಿಮಾ. ಅಮ್ಮಂದಿರು, ಅಜ್ಜಂದಿರು, ಮಕ್ಕಳು ಎಲ್ಲ ಬರುತ್ತಿದ್ದರು. ಬಂದವರೆಲ್ಲ ಸುಖವಾಗಿ ಮನೆ ಸೇರಿದರೆ ಸಾಕಪ್ಪ ಎಂಬುದೊಂದೇ ನಮ್ಮ ಪ್ರಾರ್ಥನೆ.

ಟಾಪಿನ ಮೇಲಿನ ಮಾಲು

ಸುಳ್ಯದ ಬ್ಯಾಂಕ್ ಗುಮಾಸ್ತರೊಬ್ಬರು ಯಂತ್ರಮಾನವನ ವೇಷ ಮಾಡಿದ್ದರು. ಮೈಗೆ ತಗಡು, ತಲೆಗೆ ಬಿಸ್ಕೀಟಿನ ಡಬ್ಬಿ. ದಾರಿಯಲ್ಲಿ ಕಳಚಿ ಬೀಳಬಾರದೆಂದು ಅವರ ಹೆಂಡತಿ ಬೆನ್ನ ಹಿಂದೆ ತಂತಿ ಬಿಗಿದು ಕಳಿಸಿದ್ದರು. ಬಸ್ಸು ಬಂದಾಗ ನೋಡಿದರೆ, ತಗಡು ಬಾಗಿಲಲ್ಲಿ ಹಿಡಿಯುವುದಿಲ್ಲ! ಬಿಚ್ಚೋಣವೆಂದರೆ ಕೈ ಬೆನ್ನಿಗೆ ಮುಟ್ಟುವುದಿಲ್ಲ.

"ಎಂತ ಮಾಡುದು? ಟಾಪಿಗೆ ಹತ್ತಿ ಮಾರಾಯ್ರೆ" ಎಂದ ಕಂಡಕ್ಟರ್.

ಹೇಗೋ ಹತ್ತಿಸಿದರು. ಬಾಳೆಗೊನೆಗಳ ನಡುವೆ ಮಲಗಿಕೊಂಡೇ ಅವರು ಪುತ್ತೂರಿಗೆ ಬಂದರು. ಇಲ್ಲಿ ಗೊನೆ ಇಳಿಸುತ್ತಿದ್ದ ಹಮಾಲಿ ಈ ತಗಡನ್ನೂ ಹಿಡಿದು, "ಇದು ಯಾವ ಅಂಗಡಿಗೆ?" ಎಂದು ಕೂಗಿದ.

"ನಾನು ಕೂಟಕ್ಕೆ ಹೋಗುದು" ಎಂದಿತು ಡಬ್ಬಿ.

ಹಮಾಲಿ ಒಂದೇ ನೆಗೆತಕ್ಕೆ ಕೆಳಗೆ. "ಓ ಕಂಡಕ್ಟರೇ, ಮಾಲು ಮಾತಾಡ್ತದೆ!"

ಗುಮಾಸ್ತರ ಮೈಗೆ ಒಂದು ಗೀರೂ ಆಗಿರಲಿಲ್ಲ. ಆ ವರ್ಷ ವೇಷದ ಬಹುಮಾನವೂ ಅವರಿಗೇ.

ಉದ್ಘಾಟನೆ

ಇನ್ನೊಂದು ವರ್ಷ ಉದ್ಘಾಟನೆಗೆ ಒಬ್ಬ ನಿವೃತ್ತ ಹೆಡ್ಮಾಸ್ಟರರು. ಕಾರ್ಟೂನು ಓದಿದರೆ ಮಕ್ಕಳು ಹಾಳಾಗುತ್ತಾರೆಂದು ಊರಿಡೀ ಹೇಳುತ್ತಿದ್ದವರು. ಅವರು ಬೇಡವೆಂದರೆ ಮುಂದಿನ ವರ್ಷ ನಮಗೆ ಶಾಲೆಯ ಹಾಲ್ ಸಿಗುವುದಿಲ್ಲ ಎಂದು ಶಾಲೆಯವರು ಮೊದಲೇ ಹೇಳಿದ್ದರು. ಅವರು ಬೇಗ ಬಂದದ್ದರಿಂದ, ಪುಸ್ತಕಗಳನ್ನಿಟ್ಟ ಕೋಣೆಯಲ್ಲೇ ಕೂರಿಸಿದೆವು. ಪ್ರಾರ್ಥನೆ ಮುಗಿಯಿತು, ಸ್ವಾಗತವೂ ಮುಗಿಯಿತು, ಆಸಾಮಿ ಬರಲಿಲ್ಲ. ಕೋಪ ಬಂದು ಎದ್ದು ಹೋದರೋ ಎಂದು ಬಾಗಿಲು ದೂಡಿದೆ.

ಅವರು ಪುಸ್ತಕದಿಂದ ತಲೆ ಎತ್ತಲೇ ಇಲ್ಲ. "ಸ್ವಲ್ಪ ನಿಲ್ಲಿ ಮಾಸ್ಟ್ರೆ. ಇವ ಮೊಸಳೆಯ ಬಾಯಲ್ಲಿದ್ದಾನೆ. ಹೀಗೆ ಬಿಟ್ಟು ನಾನು ಹೇಗೆ ಬರುದು?"

ಕರಡಿ

ಆದರೆ ಜೀವ ಬಾಯಿಗೆ ಬಂದದ್ದು ಕರಡಿಯ ವರ್ಷ. ಪೆರಾಬೆಯಿಂದ ಬಂದ ತಾಯಿಯೊಬ್ಬರು ಅಳುತ್ತ ವೇದಿಕೆಗೆ ಓಡಿ ಬಂದರು. "ಮಾಸ್ಟ್ರೆ, ನನ್ನ ಮಗ ಕಾಣುದಿಲ್ಲ! ಕರಡಿ ವೇಷ ಹಾಕಿದ್ದ!"

ಹೊರಗೆ ನೋಡಿದರೆ ಬಸ್ಸು ಓಡುವ ಮುಖ್ಯರಸ್ತೆ. ಮೈಕ್ ಸೆಟ್ಟಿನವರು ಕಡಬದ ಒಬ್ಬ ಬ್ಯಾರಿ ಮುಸಲ್ಮಾನರು. ನಮಗೆಲ್ಲ ಮೈಕಿನ ಕಾಕ. ಅವರು ಕೂಡಲೇ, "ಸಭೆಯಲ್ಲಿರುವ ಕರಡಿಗಳೆಲ್ಲ ವೇದಿಕೆಗೆ ಬರಬೇಕು" ಎಂದರು.

ಒಂದೇ ಒಂದು ಕರಡಿ ಬಂತು. ತಾಯಿ ಓಡಿ ಹೋಗಿ ಮುಖವಾಡ ಎತ್ತಿದರು. ಒಳಗೆ ಯಾರದ್ದೋ ಹುಡುಗಿ! ತಾಯಿ ಅಲ್ಲೇ ಕುಸಿದು ಕುಳಿತರು. ಗಂಡಸರು ರಸ್ತೆಗೆ ಓಡಿದರು, ಹೆಂಗಸರು ಶಾಲೆಯ ಬಾವಿಯ ಹತ್ತಿರ. ಆ ಗಡಿಬಿಡಿಯಲ್ಲಿ ಒಂದು ಮೊಲ ನನ್ನ ಅಂಗಿ ಎಳೆಯುತ್ತಲೇ ಇತ್ತು.

"ಸ್ವಲ್ಪ ಸುಮ್ಮನಿರು ಮಾರಾಯ" ಎಂದೆ. "ಇಲ್ಲಿ ಕರಡಿ ಕಾಣೆಯಾಗಿದೆ."

ಮೊಲ ಮತ್ತೆ ಎಳೆಯಿತು. ನಾನು ಗದರಿಸಲು ತಿರುಗಿದರೆ, ಅದು ತಲೆ ಕಳಚಿತು. "ಸರ್, ಆ ಕರಡಿ ನಾನೇ. ಸೆಕೆ ಆಯ್ತು, ಅವಳ ಹತ್ರ ವೇಷ ಬದಲು ಮಾಡಿದ್ದು."

ತಾಯಿ ಅವನನ್ನು ಬಾಚಿ ತಬ್ಬಿಕೊಂಡರು, ಬೆನ್ನಿಗೊಂದು ಬಾರಿಸಿದರು, ಮತ್ತೆ ತಬ್ಬಿಕೊಂಡರು. ನಾನು ಉಸಿರು ಬಿಟ್ಟು ಅಲ್ಲೇ ಬೆಂಚಿನ ಮೇಲೆ ಕುಳಿತೆ. ರಸ್ತೆಯಲ್ಲಿ ಇನ್ನೂ ಹುಡುಕುತ್ತಿದ್ದವರಿಗೆ ತಿಳಿಸಬೇಕಲ್ಲ? ಮೈಕಿನ ಕಾಕ ಗಂಟಲು ಸರಿಮಾಡಿಕೊಂಡು, ಪುತ್ತೂರು ಪೇಟೆಗೆಲ್ಲ ಕೇಳುವ ಹಾಗೆ ಘೋಷಿಸಿದರು:

"ಯಾರೂ ಹೆದರುದು ಬೇಡ! ಕರಡಿ ಸಿಕ್ಕಿತು! ಮೊಲದ ಹೊಟ್ಟೆಯೊಳಗೆ ಉಂಟು!"