ಗಾಳಿ ಹಿಡಿದವನ ಗೋಳು

ಸತ್ತ ಕಂಪ್ಯೂಟರಿಗೆ ಜೀವ ಕೊಡುತ್ತೇನೆ ಎಂದು ನಾನು ಊಟದ ಮೇಜಿನ ಮುಂದೆ ಘೋಷಿಸಿದಾಗ ನನ್ನ ಹೆಂಡತಿ ತಟ್ಟೆಯಿಂದ ತಲೆ ಎತ್ತಲೂ ಇಲ್ಲ. ನಾನೇನು ಸಾಮಾನ್ಯನೇ? ಕಚೇರಿಯಲ್ಲಿ ಪ್ರಿಂಟರಿನ ಹೊಟ್ಟೆಗೆ ಕಾಗದ ಸಿಕ್ಕಿಕೊಂಡರೆ ಮೇಲಿನ ಮಹಡಿಯವರೂ ಓಡಿ ಬಂದು ಕರೆಯುವುದು ನನ್ನನ್ನೇ. ಅಂಥ ಧನ್ವಂತರಿ!

"ಯಾವ ಕಂಪ್ಯೂಟರು?" ಎಂದಳು ಕೊನೆಗೆ.

"ಚಿಕ್ಕವರಿದ್ದಾಗ ನಾನೂ ಅಕ್ಕನೂ ದೋಣಿ ಆಟ ಆಡ್ತಿದ್ವಲ್ಲ, ಅದು."

"ಅದು ಯಾವತ್ತೋ ಗುಜರಿಗೆ ಹೋಯ್ತು ಅಂದಿದ್ರಿ?"

"ದೇಹ ಗುಜರಿಗೆ ಹೋಯ್ತು ಕಣೇ, ಆತ್ಮ ಇದೆ! ಎಮ್ಯುಲೇಟರ್ ಅಂತ ಒಂದು ಸಾಫ್ಟ್‌ವೇರು. ಹೊಸ ಲ್ಯಾಪ್‌ಟಾಪಿಗೆ ಹಳೇ ಕಂಪ್ಯೂಟರಿನ ವೇಷ ಹಾಕುತ್ತೆ. ಆಟ ಪಾಪ, ನಾನಿನ್ನೂ ಹಳೇ ಮನೇಲೇ ಇದೀನಿ ಅಂದ್ಕೊಂಡು ಓಡುತ್ತೆ."

"ಹೊಸ ಸೊಸೆಗೆ ಅತ್ತೆ ಥರಾನೇ ನಡ್ಕೋ ಅಂದ ಹಾಗೆ. ಅದ್ಸರಿ, ಯಾರ ಲ್ಯಾಪ್‌ಟಾಪಿಗೆ ವೇಷ?"

ಅದೊಂದು ಸಣ್ಣ ತೊಡಕು. ನಮ್ಮ ಮನೆಯಲ್ಲಿರುವ ಲ್ಯಾಪ್‌ಟಾಪ್ ಅವಳದು. ಅವಳು ಜನರಿಗೆ ಮನೆಯ ನಕ್ಷೆ ಹಾಕಿಕೊಡುವವಳು. ನಾನು ಕೈ ತೊಳೆಯಲು ಎದ್ದೆ.

ಭಾನುವಾರ ಅಕ್ಕ ಬರುವವಳಿದ್ದಳು. ನಿಜ ಹೇಳುತ್ತೇನೆ, ಈಗೀಗ ಅಕ್ಕ ಬರುತ್ತಾಳೆಂದರೆ ನನಗೆ ಸಂತೋಷದ ಜೊತೆಗೇ ಒಂದು ಸಂಕಟ. "ಚೆನ್ನಾಗಿದೀಯಾ?" "ಹೂಂ, ನೀನು?" ಅಷ್ಟಕ್ಕೆ ಮಾತಿನ ಚೀಲ ಬರಿದು. ಆಮೇಲೆ ಅವಳ ಫೋನು ಅವಳಿಗೆ, ನನ್ನ ಫೋನು ನನಗೆ. ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂತು, ಒಂದೇ ಕೀಬೋರ್ಡಿನ ಮೇಲೆ ಮೊಣಕೈ ತಿವಿದಾಡುತ್ತ ಬೆಳೆದವರು ನಾವು! ಬಾಣದ ಗುರುತಿನ ಗುಂಡಿಗಳು ಅಕ್ಕನವು. ದೋಣಿ ನಡೆಸುವವಳು ಅವಳು. ಎಡತುದಿಯ ಎರಡು ಗುಂಡಿ ನನ್ನವು. ಒಂದು ಒತ್ತಿದರೆ ಗಾಳಿ ಜೋರು, ಇನ್ನೊಂದು ಒತ್ತಿದರೆ ಮೆಲ್ಲಗೆ. ಬಂಡೆಗಳನ್ನು ತಪ್ಪಿಸಿಕೊಂಡು ದೋಣಿ ದೀಪಸ್ತಂಭ ಮುಟ್ಟಿದರೆ ಗೆಲುವು. ಗೆದ್ದಾಗಲೆಲ್ಲ ಅಕ್ಕ ಕಿರುಚಿ ನನ್ನ ಬೆನ್ನಿಗೆ ಒಂದು ಗುದ್ದುತ್ತಿದ್ದಳು. ನನಗೆ ಆ ಗುದ್ದು ಇನ್ನೊಮ್ಮೆ ಬೇಕಾಗಿತ್ತು. ಆಟ ಬರೀ ನೆಪ.

ಹೆಂಡತಿ ಸ್ನಾನಕ್ಕೆ ಹೋದ ಶುಭಮುಹೂರ್ತದಲ್ಲಿ ಎಮ್ಯುಲೇಟರ್ ಪ್ರತಿಷ್ಠಾಪನೆ ನಡೆಯಿತು. ಪರದೆ ಪೂರ್ತಿ ಕಪ್ಪಾಗಿ, ಕೀಂಯ್ ಎಂಬ ಅದೇ ಹಳೆಯ ರಾಗ ಕೇಳಿಸಿತು. ದೋಣಿ ಹೊರಟಿತು ಎನ್ನುವಷ್ಟರಲ್ಲಿ ಮುಳುಗಿತು! ಮತ್ತೆ ಹೊರಟಿತು, ಮತ್ತೆ ಮುಳುಗಿತು! ಹಳೆಯ ಕಂಪ್ಯೂಟರು ಏದುಸಿರು ಬಿಡುತ್ತ ಓಡಿಸುತ್ತಿದ್ದ ಆಟವನ್ನು ಹೊಸದು ಬಾಲಕ್ಕೆ ಬೆಂಕಿ ಬಿದ್ದಂತೆ ಓಡಿಸುತ್ತಿತ್ತು. ನಿಲ್ಲಿಸೋಣವೆಂದರೆ ಮೌಸಿನ ಬಾಣವೂ ಆಟದೊಳಗೇ ಬಂದಿ.

"ರೀ! ನಕ್ಷೆ ಕಳಿಸ್ಬೇಕು, ಕೊಡಿ ಇಲ್ಲಿ. ಆ ಮನೆಗೆ ಬಚ್ಚಲೊಂದು ಬಾಕಿ ಇದೆ," ಎನ್ನುತ್ತ ಅವಳು ತಲೆ ಒರೆಸಿಕೊಂಡು ಬಂದಳು.

ನಾನು ಗಾಬರಿಯಲ್ಲಿ ಪವರ್ ಗುಂಡಿಯನ್ನೇ ಅದುಮಿ ಹಿಡಿದೆ. ಲ್ಯಾಪ್‌ಟಾಪ್ ಪ್ರಾಣ ಬಿಟ್ಟು ಮರುಜನ್ಮ ಪಡೆದು ಬಂದಾಗ ನಕ್ಷೆಯಲ್ಲಿ ಬಚ್ಚಲಂತಿರಲಿ, ಅಡುಗೆಮನೆಯೂ ಇರಲಿಲ್ಲ.

"ಇನ್ನು ಆ ಸಂಸಾರ ಎಲ್ಲಿ ಬೇಯಿಸಿಕೊಂಡು ತಿನ್ಬೇಕು? ನಿಮ್ಮ ದೋಣೀಲಾ?"

ಎರಡು ದಿನ ನಮ್ಮ ಅಡುಗೆಮನೆಯಲ್ಲೂ ನನಗೆ ಪ್ರವೇಶವಿರಲಿಲ್ಲ. ಆದರೂ ಛಲ ಬಿಡಲಿಲ್ಲ. ವೇಗ ಇಳಿಸುವ ಜಾಗ ಹುಡುಕಿದೆ. ದೋಣಿ ಹಳೆಯ ಗತಿಯಲ್ಲಿ ತೇಲತೊಡಗಿತು. ಎಲ್ಲ ಹಾಗೇ ಇತ್ತು, ಬಂಡೆಗಳು, ದೀಪಸ್ತಂಭ, ನೀಲಿ ಬದಲು ಹಸಿರಾಗಿದ್ದ ಸಮುದ್ರ. ನನ್ನ ಗಾಳಿ ಮಾತ್ರ ಇರಲಿಲ್ಲ! ಎಡತುದಿಯ ಗುಂಡಿಗಳನ್ನು ಒತ್ತಿದೆ, ಕುಟ್ಟಿದೆ. ಊಹೂಂ. ಎಮ್ಯುಲೇಟರ್ ಮಾಡಿದ ಪುಣ್ಯಾತ್ಮರ ಚರ್ಚಾಕಟ್ಟೆಗೆ ಖಾರವಾಗಿ ಬರೆದೆ. 'ಎಲ್ಲವನ್ನೂ ನಕಲು ಮಾಡಿದ ತಾವು ಗಾಳಿಯನ್ನೇಕೆ ಮರೆತಿರಿ?'

ಶನಿವಾರ ಉತ್ತರ ಬಂತು. ಹೆಂಡತಿಯೇ ಗಟ್ಟಿಯಾಗಿ ಓದಿದಳು.

"'ಈ ಆಟ ಒಬ್ಬರಿಗೆ ಮಾತ್ರ. ಇದರಲ್ಲಿ ಗಾಳಿ ಎಂಬುದೇ ಇಲ್ಲ. ನೀವು ಹೇಳುವ ಗುಂಡಿಗಳಿಗೆ ಯಾವತ್ತೂ ಯಾವ ಕೆಲಸವೂ ಇರಲಿಲ್ಲ.'"

ಓದಿದವಳು ನಗು ತಡೆಯಲಾರದೆ ನೆಲದ ಮೇಲೇ ಕೂತಳು. ನನಗೆ ನಗು ಬರಲಿಲ್ಲ. ಅಷ್ಟು ವರ್ಷ ಬೀಸಿದ ಗಾಳಿಯೆಲ್ಲ ಎಲ್ಲಿಗೆ ಹೋಯಿತು?

"ಅತ್ತಿಗೇನ ಕೇಳ್ತೀರಾ?" ಎಂದಳು, ಕಣ್ಣೊರೆಸಿಕೊಂಡು.

"ಬೇಡ. ಕೇಳಿಬಿಟ್ರೆ ನೆನಪಲ್ಲಿರೋ ಗಾಳೀನೂ ನಿಂತುಹೋಗುತ್ತೆ."

ಭಾನುವಾರ ಅಕ್ಕ ಬಂದಳು. "ಚೆನ್ನಾಗಿದೀಯಾ?" ಎನ್ನುವಷ್ಟರಲ್ಲಿ ಕೀಂಯ್ ರಾಗ ಕಿವಿಗೆ ಬಿದ್ದು, ಕೈಚೀಲ ಅಲ್ಲೇ ಬಿಟ್ಟಳು.

"ಅಯ್ಯೋ! ಇದೆಲ್ಲಿ ಸಿಕ್ತೋ ನಿಂಗೆ?" ಕುರ್ಚಿಯಲ್ಲಿ ಅರ್ಧಕ್ಕೆ ಸರಿದು ಕೂತು ಉಳಿದರ್ಧ ತಟ್ಟಿದಳು. "ಬಾರೋ, ಗಾಳಿ ಹಿಡ್ಕೋ!"

ಎಂಥ ಧೈರ್ಯ ನೋಡಿ! ನಾನು ಏನೂ ಅರಿಯದವನಂತೆ ಸತ್ತ ಗುಂಡಿಗಳ ಮೇಲೆ ಬೆರಳಿಟ್ಟೆ. ದೋಣಿ ಹೊರಟಿತು. ಮೊದಲ ಬಂಡೆಗೇ ಮುಳುಗಿತು. ಇನ್ನೊಮ್ಮೆಯೂ ಅಷ್ಟೇ. ಅಕ್ಕ ಕನ್ನಡಕ ಏರಿಸಿಕೊಂಡಳು, ಬೆರಳು ನೀವಿಕೊಂಡಳು. ಬಂಡೆ ಕಂಡು ಬೆರಳು ಏಳುವಷ್ಟರಲ್ಲಿ ಬಂಡೆ ಬಂದೇಬಿಡುತ್ತಿತ್ತು.

"ವಯಸ್ಸಾಯ್ತು ಕಣೋ. ಬಿಡು." ಅವಳ ಕೈ ಫೋನಿನತ್ತ ಹೋಯಿತು.

ನಾನು ಫೋನನ್ನು ಅತ್ತ ಸರಿಸಿದೆ. "ಅಕ್ಕಾ, ಒಂದ್ನಿಮಿಷ! ನೀರು ಕುಡಿದು ಬಾ!"

ಅವಳು ಒಳಗೆ ಹೋದದ್ದೇ ತಡ, ಪ್ರಿಂಟರ್ ಧನ್ವಂತರಿ ಎಚ್ಚೆತ್ತ. ಎಮ್ಯುಲೇಟರಿನಲ್ಲಿ ಯಾವ ಗುಂಡಿಗೆ ಬೇಕಾದರೂ ಯಾವ ಕೆಲಸ ಬೇಕಾದರೂ ಹಚ್ಚಬಹುದು. ಆಟದ ವೇಗವನ್ನೇ ತಂದು ನನ್ನ ಗುಂಡಿಗಳಿಗೆ ಕಟ್ಟಿದೆ. ಒಂದು ಒತ್ತಿದರೆ ಜೋರು, ಇನ್ನೊಂದು ಒತ್ತಿದರೆ ಮೆಲ್ಲಗೆ! ನೀರಿನ ಲೋಟದ ಜೊತೆ ಬಂದ ಹೆಂಡತಿ ಅದನ್ನು ನೋಡಿದಳು.

ಈ ಸಲ ಬಂಡೆ ಬಂದಾಗಲೆಲ್ಲ ಮೆಲ್ಲಗೆ ಮಾಡಿದೆ, ಬಯಲು ನೀರಿನಲ್ಲಿ ಜೋರು ಬಿಟ್ಟೆ. ಅಕ್ಕ ನಾಲಿಗೆ ಕಚ್ಚಿಕೊಂಡು ತಿರುಗಿಸಿದಳು, ಮೊಣಕೈಯಿಂದ ತಿವಿದಳು, ಬೈದಳು. ದೋಣಿ ದೀಪಸ್ತಂಭ ಮುಟ್ಟಿತು!

ಕಿರುಚಾಟ. ಬೆನ್ನಿಗೆ ಗುದ್ದು. ಈಗಲೂ ಅಷ್ಟೇ ನೋಯುತ್ತದೆ, ದೇವರೇ! ನನ್ನ ಕಣ್ಣಲ್ಲಿ ನೀರು ಬಂದದ್ದು ನೋವಿಗೆ ಎಂದೇ ಅಕ್ಕ ತಿಳಿದಳು.

"ಪಾಪ ಕಣೋ, ಇವತ್ತು ಹೇಳಿಬಿಡ್ತೀನಿ," ಎಂದಳು ನಗುತ್ತ. "ಆ ಗುಂಡಿ ಸುಳ್ಳು! ನೀನು ನಂಗೂ ಕೊಡು ಅಂತ ಅಳ್ತಿದ್ದೆ, ಅದಕ್ಕೆ ಗಾಳಿ ಅಂತ ಕೊಟ್ಟೆ. ಅವತ್ತೂ ನೀನು ಏನೂ ಮಾಡ್ಲಿಲ್ಲ, ಇವತ್ತೂ ಏನೂ ಮಾಡ್ಲಿಲ್ಲ. ಗೆದ್ದಿದ್ದೆಲ್ಲ ನಾನೊಬ್ಬಳೇ!"

ಜೀವನದಲ್ಲಿ ಮೊದಲ ಸಲ ನಿಜವಾದ ಗಾಳಿ ಬೀಸಿದ ದಿನವೇ ಈ ತೀರ್ಪು! ಹೆಂಡತಿ ಬಾಯಿ ತೆರೆದಳು. ನಾನು ಅವಳ ಕಾಲು ತುಳಿದೆ.

"ಹೌದಾ ಅಕ್ಕಾ! ಎಂಥ ಮೋಸ!"

"ಕೈ ತೆಗಿ, ಈ ಸಲ ಒಬ್ಬಳೇ ಆಡಿ ತೋರಿಸ್ತೀನಿ."

ತೆಗೆದೆ. ದೋಣಿ ಮೊದಲ ಬಂಡೆಗೇ ಮುಳುಗಿತು. ಅಕ್ಕ ಪರದೆ ನೋಡಿದಳು, ನನ್ನನ್ನು ನೋಡಿದಳು, ಉಳಿದರ್ಧ ಕುರ್ಚಿಯನ್ನು ಮತ್ತೆ ತಟ್ಟಿದಳು.

"ಬಾರೋ. ನೀನು ಪಕ್ಕದಲ್ಲಿ ಕೂತು ಒತ್ತದೇ ಇದ್ರೆ ನಂಗೆ ಆಡೋಕೇ ಬರಲ್ಲ. ಏನೂ ಉಪಯೋಗ ಇಲ್ದಿದ್ರೂ ಪರವಾಗಿಲ್ಲ, ಒತ್ತು."

"ಅದರಲ್ಲಿ ಇವರನ್ನ ಮೀರಿಸೋರಿಲ್ಲ ಅತ್ತಿಗೆ," ಎಂದಳು ಹೆಂಡತಿ, ಕಾಲು ಉಜ್ಜಿಕೊಳ್ಳುತ್ತ. "ನಮ್ಮನೇಲಿ ದಿನಾ ಅದೇ ಕೆಲ್ಸ."

ಬಂಡೆ ಹತ್ತಿರ ಬರುತ್ತಿತ್ತು. ಗಾಳಿ ಮೆಲ್ಲಗೆ ಮಾಡಿದೆ.